ಮೂರು ಏಟು, ಒಂದು ಹಾರ್ನ್

೭ ಜನವರಿ

ಮೈಕಕ್ಕನಿಗೆ,

ಸ್ಟೇರಿಂಗು ಮಾಡುವ ನಮಸ್ಕಾರ. ನಾನು ನಿವೃತ್ತನಾಗಿ ಇಂದಿಗೆ ಒಂದು ವಾರ. ಮೊದಲ ದಿನ ಬೆಳಿಗ್ಗೆ ಐದಕ್ಕೇ ಎದ್ದು ಶೂ ಹಾಕಿಕೊಂಡು ಬಾಗಿಲವರೆಗೂ ಹೋಗಿಬಿಟ್ಟಿದ್ದೆ. ಮನೆಯವಳು ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲಿಂದಲೇ, ಸವಾರಿ ಎಲ್ಲಿಗೆ ಎಂದು ಕೇಳಿದಳು. ಶೂ ಬಿಚ್ಚಿ ಒಳಗೆ ಬಂದು ಕುಳಿತೆ. ಆಗಲೇ ಒಂದು ತೀರ್ಮಾನ ಮಾಡಿದೆ.

ಇಪ್ಪತ್ತಾರು ವರ್ಷ ನೀವೂ ನಾನೂ ಒಂದೇ ಬಸ್ಸಿನಲ್ಲಿ ಜನರಿಗೆ ರಾಜಧಾನಿ ತೋರಿಸಿದೆವು. ವಾರದ ದಿನಗಳಲ್ಲಿ ನಗರ ದರ್ಶನ, ಶನಿವಾರ ಬೆಟ್ಟದ ಗುಡಿ, ಭಾನುವಾರ ಹೊಳೆದಂಡೆಯ ಮಠ. ನೀವು ಮೈಕು ಹಿಡಿದು ಜನರನ್ನು ಒಳಗೆ ಕರೆದೊಯ್ಯುತ್ತಿದ್ದಿರಿ. ಡ್ರೈವರು ಬಸ್ಸು ಬಿಟ್ಟು ಕದಲಬಾರದು ಎನ್ನುವುದು ಕಂಪನಿಯ ನಿಯಮ. ಹೀಗಾಗಿ ಅರಮನೆ ಎಂದರೆ ನನಗೆ ಅದರ ಹಿಂದಿನ ಗೋಡೆ. ಎಷ್ಟು ಹೊತ್ತಿಗೆ ಎಲ್ಲಿ ನೆರಳು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ವಸ್ತುಸಂಗ್ರಹಾಲಯ ಎಂದರೆ ಅದರ ಶೌಚಾಲಯ. ಒಳಗೆ ಏನಿದೆ ಎಂಬುದನ್ನು ನಿಮ್ಮ ಬಾಯಿಂದ ಕೇಳಿದ್ದೇನೆಯೇ ಹೊರತು ಕಣ್ಣಾರೆ ಕಂಡಿಲ್ಲ. ದೀಪದ ಬುಡ ಕತ್ತಲೆ ಎಂಬ ಗಾದೆಯನ್ನು ನನ್ನಂಥವನನ್ನು ನೋಡಿಯೇ ಕಟ್ಟಿರಬೇಕು.

ಇನ್ನು ಎಲ್ಲದರ ಒಳಗೂ ಹೋಗುತ್ತೇನೆ. ಕೊನೆಗೆ ಬೆಟ್ಟ. ಪ್ರತಿ ಶನಿವಾರ ನೀವು ಆರುನೂರ ಹನ್ನೆರಡು ಮೆಟ್ಟಿಲು ಹತ್ತಿ, ಇದು ನಮ್ಮ ಡ್ರೈವರಿಗೆ ಎಂದು ಗಂಟೆಯನ್ನು ಮೂರು ಏಟು ಬಾರಿಸುತ್ತಿದ್ದಿರಿ. ನಾನು ಕೆಳಗಿನಿಂದ ಒಂದು ಹಾರ್ನ್ ಹೊಡೆಯುತ್ತಿದ್ದೆ. ಈಗ ನಾನು ಹತ್ತಿ ನಿಮ್ಮ ಹೆಸರಿನಲ್ಲಿ ಮೂರು ಏಟು ಬಾರಿಸಬೇಕು. ಅದೊಂದು ಆಗದೆ ನನಗೆ ಸಮಾಧಾನವಿಲ್ಲ.

ನಿನ್ನೆ ನಮ್ಮ ಹಳೇ ಬಸ್ಸಿಗೇ ಟಿಕೆಟ್ ತೆಗೆದುಕೊಂಡೆ, ಹನ್ನೊಂದನೇ ಸೀಟು. ಅರಮನೆ ಬಂತು, ಎಲ್ಲರೂ ಇಳಿದರು, ನಾನೂ ಇಳಿದೆ. ಇಳಿದವನು ಟೈರು ಒದ್ದು ನೋಡಿದೆ, ಗಾಜು ಒರೆಸಿದೆ, ಮೆಟ್ಟಿಲ ಮೇಲೆ ಕುಳಿತೆ. ಹೊಸ ಡ್ರೈವರು ಮೀಸೆ ತಿರುವುತ್ತಾ ಬಂದು, "ಅಣ್ಣಾ, ಹೇಗೂ ನೀವಿದ್ದೀರಲ್ಲ, ನಾನೊಂದು ಚಹಾ ಕುಡಿದು ಬರ್ತೀನಿ" ಎಂದ. ಐದು ನಿಲ್ದಾಣದಲ್ಲೂ ಅದೇ ಕಥೆ. ಸಂಜೆ ಮನೆಯವಳು ಅರಮನೆ ಹೇಗಿತ್ತು ಎಂದು ಕೇಳಿದರೆ, ಹಿಂದಿನ ಎಡ ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದೆ.

ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮಗಳ ಊರಿಗೆ ಹೋಗಿ ಎರಡೇ ವರ್ಷಕ್ಕೆ ದೊಡ್ಡ ಮನುಷ್ಯರಾದಿರೋ ಹೇಗೆ?

ನಿಮ್ಮ ಸ್ಟೇರಿಂಗು


೧೫ ಜನವರಿ

ಸ್ಟೇರಿಂಗು ತಮ್ಮನಿಗೆ,

ನಿನ್ನ ಕಾಗದ ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡು. ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಹೋಗು. ಅವಳು ಕೈ ಹಿಡಿದು ಎಳೆಯದೆ ನೀನು ಬಾಗಿಲು ದಾಟುವ ಆಸಾಮಿಯಲ್ಲ. ಅರಮನೆಗೆ ಬೆಳಿಗ್ಗೆ ಹೋಗು, ದರ್ಬಾರಿನ ಬಣ್ಣದ ಗಾಜಿಗೆ ಬಿಸಿಲು ಬಿದ್ದಿರುತ್ತದೆ. ಗಡಿಯಾರ ಗೋಪುರದ ಹತ್ತಿರ ನಿಂತು ಫೋಟೋ ತೆಗೆಯುವವರ ಕೈಗೆ ಸಿಕ್ಕಿಕೊಳ್ಳಬೇಡ.

ಮಗಳ ಮನೆ ರೈಲು ಹಳಿಯ ಪಕ್ಕದಲ್ಲೇ ಇದೆ. ಫೋನಿನಲ್ಲಿ ಒಂದಕ್ಷರ ಕೇಳಿಸುವುದಿಲ್ಲ. ಕಾಗದವೇ ವಾಸಿ.

ಒಂದು ವಿಷಯ ತಪ್ಪದೆ ಬರೆ. ನಾನು ಕೆಲಸ ಬಿಡುವ ಮುಂಚೆ ಕಂಪನಿಯವರು ನನ್ನ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದರಲ್ಲ, ಅದನ್ನು ಬಸ್ಸಿನಲ್ಲಿ ಇನ್ನೂ ಹಾಕುತ್ತಾರಾ? ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದಾ?

ಮೈಕಕ್ಕ


೩ ಫೆಬ್ರವರಿ

ಮೈಕಕ್ಕನಿಗೆ,

ಹಾಕುತ್ತಾರೆ ಮಹಾರಾಯಿತಿ, ಹಾಕುತ್ತಾರೆ! ಊರು ಬಿಟ್ಟರೂ ನಿಮ್ಮ ಜಂಬ ಹೋಗಿಲ್ಲ. ಈಗಿನ ಗೈಡು ಜನರನ್ನು ಎಣಿಸಿ ಹತ್ತಿಸುವುದು, ಎಣಿಸಿ ಇಳಿಸುವುದು, ಅಷ್ಟೇ. ಮಾತೆಲ್ಲ ನಿಮ್ಮದೇ. ಆದರೆ ಆ ಯಂತ್ರಕ್ಕೆ ರಸ್ತೆಯ ಗೊಡವೆಯೇ ಇಲ್ಲ. ನಾವು ವಾಹನಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ನೀವು ಗಂಭೀರವಾಗಿ, "ನಿಮ್ಮ ಬಲಗಡೆ ಕಾಣುವುದೇ ಭವ್ಯವಾದ ಅರಮನೆ" ಎಂದಿರಿ. ಬಲಗಡೆ ನಲ್ಲಿ, ಪೈಪು ಮಾರುವ ಅಂಗಡಿ. ಒಬ್ಬರು ಯಾವುದಕ್ಕೂ ಇರಲಿ ಎಂದು ಅದರದೇ ಫೋಟೋ ತೆಗೆದರು.

ಅರಮನೆಯ ಒಳಗೆ ಹೋದೆ. ಮನೆಯವಳು ನಿಜಕ್ಕೂ ರೆಟ್ಟೆ ಹಿಡಿದು ಎಳೆದಳು. ದರ್ಬಾರಿನ ಪರದೆ ನೋಡಿ, ಒಂದು ಗೇಣು ಗಿಡ್ಡ ಹೊಲಿದಿದ್ದಾರೆ ಎಂದಳು. ರಾಣಿಯ ಕನ್ನಡಿಯಲ್ಲಿ ನೋಡಿಕೊಂಡರೆ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೇವೆ ಎಂದು ನೀವು ಹೇಳುತ್ತಿದ್ದಿರಲ್ಲ? ಇವಳು ನೋಡಿಕೊಂಡು, ಕನ್ನಡಿ ಒರೆಸಿ ಹತ್ತು ವರ್ಷ ಆಗಿದೆ ಎಂದಳು.

ನಿನ್ನೆ ಮಠಕ್ಕೆ ಹೋಗಿದ್ದೆವು. ಅಲ್ಲಿ ಮಾತ್ರ ಮನೆಯವಳು ಯಾವ ತಪ್ಪನ್ನೂ ಹುಡುಕಲಿಲ್ಲ. ಕಲ್ಲಿನ ನೆಲ ತಣ್ಣಗಿತ್ತು. ಯಾರೋ ಒಬ್ಬ ಹೆಂಗಸು ಗೋಡೆಗೆ ಹಣೆ ಇಟ್ಟು ಅಳುತ್ತಿದ್ದಳು. ಹೊರಗಡೆಯ ಹಾರ್ನ್ ಒಳಗೆ ಇಷ್ಟು ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಹೊಡೆದಿದ್ದೇನಲ್ಲ ಎಂದು ನಾಚಿಕೆಯಾಯಿತು.

ಇನ್ನುಳಿದದ್ದು ಬೆಟ್ಟ. ಇಪ್ಪತ್ತೆರಡನೇ ತಾರೀಕು ಶನಿವಾರ. ಅದರ ಬಗ್ಗೆ ನೀವು ಒಂದು ಸಾಲೂ ಬರೆಯಲಿಲ್ಲ. ಮರೆತಿರೋ?

ಸ್ಟೇರಿಂಗು


೧೧ ಫೆಬ್ರವರಿ

ತಮ್ಮಾ,

ಬೆಟ್ಟದ ಉಸಾಬರಿ ಬೇಡ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೆಟ್ಟಿಲು ಸವೆದಿವೆ, ಗಾಳಿ ಜಾಸ್ತಿ, ಮೇಲೆ ಅಂಥದ್ದೇನೂ ಇಲ್ಲ. ಕ್ಲಚ್ ಒತ್ತಿ ಒತ್ತಿ ನಿನ್ನ ಎಡ ಮಂಡಿ ನರಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಮಠ ನೋಡಿದೆಯಲ್ಲ, ಅದರಲ್ಲೇ ಎಲ್ಲ ಬಂತು. ನನ್ನ ಹೆಸರಿನಲ್ಲಿ ಗಂಟೆ ಬಾರಿಸಿ ಆಗಬೇಕಾದದ್ದೇನೂ ಇಲ್ಲ.

ಈ ಮುದುಕಿಯ ಮಾತು ಒಂದು ಸಲವಾದರೂ ಕೇಳು.

ಮೈಕಕ್ಕ


೨೪ ಫೆಬ್ರವರಿ

ಮಾನ್ಯರೇ,

ಹತ್ತಿದೆ. ಜಿಂಕೆಯ ಹಾಗೆ ಹತ್ತಿದೆ.

ಮೇಲೆ ಗಂಟೆಯ ಪಕ್ಕದಲ್ಲಿ ಒಬ್ಬ ಮುದುಕರು ಕುಳಿತಿರುತ್ತಾರೆ. ಹಗ್ಗ ನೋಡಿಕೊಳ್ಳುವುದು ಅವರ ಕೆಲಸ, ನಲವತ್ತು ವರ್ಷದಿಂದ ಅಲ್ಲೇ ಇದ್ದಾರಂತೆ. ಶನಿವಾರದ ಬಸ್ಸಿನ ಹಳೇ ಡ್ರೈವರು ಎಂದು ಹೇಳಿಕೊಂಡೆ. ಅವರ ಮುಖ ಅರಳಿತು. "ಓ, ಮೂರು ಏಟಿನ ಡ್ರೈವರು ನೀವೇನಾ? ಪ್ರತಿ ವಾರ ಯಾರಾದರೂ ಒಬ್ಬರು ಬಂದು, ಕೆಳಗಿರೋ ಡ್ರೈವರಿಗೆ ಮೂರು ಏಟು ಹೊಡೀಬೇಕು, ಗೈಡಮ್ಮ ಹೇಳಿದ್ದಾರೆ ಅಂತ ಹಗ್ಗ ಹಿಡೀತಿದ್ರು. ಒಂದು ವಾರ ಮದುಮಕ್ಕಳು, ಒಂದು ವಾರ ಸಿಪಾಯಿ, ಒಂದು ವಾರ ಯಾರೋ ಮೇಷ್ಟ್ರು" ಎಂದರು. ಗೈಡಮ್ಮನೇ ಬಾರಿಸುತ್ತಿದ್ದರಲ್ಲ ಎಂದೆ. ಅವರು ತಲೆಯಾಡಿಸಿದರು. "ಆಯಮ್ಮನನ್ನ ನಾನು ಒಂದು ದಿನವೂ ನೋಡಿಲ್ಲ."

ಇಪ್ಪತ್ತಾರು ವರ್ಷ ನನ್ನ ಕಿವಿಗೆ ಹೂವಿಟ್ಟಿರಿ. ನಾನು ಕೆಳಗೆ ಕುಳಿತು, ಅಕ್ಕ ಮೇಲೆ ನಿಂತು ನನ್ನ ನೆನೆಯುತ್ತಿದ್ದಾಳೆ ಎಂದು ಪೆದ್ದನ ಹಾಗೆ ಹಾರ್ನ್ ಹೊಡೆದೆ. ಬೆಟ್ಟ ಬೇಡ ಎಂದು ಏಕೆ ಬರೆದಿರಿ ಎಂದು ಈಗ ತಿಳಿಯಿತು. ನಿಮ್ಮ ಹೆಸರಿನಲ್ಲಿ ಬಾರಿಸಬೇಕೆಂದು ಹೋದವನು ಹಗ್ಗ ಮುಟ್ಟದೆ ಇಳಿದು ಬಂದೆ.

ನಿಜವೋ ಸುಳ್ಳೋ, ಒಂದು ಮಾತು ಬರೆಯಿರಿ.

ಡ್ರೈವರು

ಅಕ್ಕಾ, ಇದು ಅವರ ಮನೆಯವಳು ಬರೆಯುತ್ತಿರುವುದು. ಅಂಟಿಸುವ ಮುಂಚೆ ಕದ್ದು ಸೇರಿಸಿದ್ದೇನೆ. ಜಿಂಕೆಯ ಮಾತು ನಂಬಬೇಡಿ. ಕೊನೆಯ ನೂರು ಮೆಟ್ಟಿಲನ್ನು ಕೂತು ಕೂತು ಹತ್ತಿದರು. ಮಂಡಿ ಕುಂಬಳಕಾಯಿ ಆಗಿದೆ. ಇನ್ನೊಂದು ಸಲ ಬೆಟ್ಟ ಹತ್ತಿದರೆ ಊರುಗೋಲೇ ಗತಿ ಎಂದು ಡಾಕ್ಟರು ಬೈದು ಕಳಿಸಿದ್ದಾರೆ. ಸಿಟ್ಟನ್ನೂ ಪೂರ್ತಿ ನಂಬಬೇಡಿ. ಈ ಕಾಗದ ಮೂರು ಸಲ ಹರಿದು ನಾಲ್ಕನೇ ಸಲ ಬರೆದದ್ದು.


೨೦ ಮಾರ್ಚ್

ಮೂರು ವಾರಕ್ಕೂ ಹೆಚ್ಚು ಕಾದೆ. ಉತ್ತರವಿಲ್ಲ.

ನಿನ್ನೆ ಫೋನ್ ಮಾಡಿದೆ. ಯಾರೋ ಎತ್ತಿದರು. ಉಸಿರು ಕೇಳಿಸಿತು, ಮಾತಿಲ್ಲ. ನಾನು ಅಕ್ಕಾ, ಅಕ್ಕಾ ಎಂದು ಎರಡು ಸಲ ಕೂಗಿದೆ. ಇಟ್ಟುಬಿಟ್ಟಿರಿ. ನೀವೇ ಎಂದು ನನಗೆ ಗೊತ್ತು. ತಪ್ಪು ಮಾಡಿದವರು ನೀವು, ಮಾತು ಬಿಟ್ಟವರೂ ನೀವು. ಇಷ್ಟು ಕಲ್ಲುಮನಸ್ಸು ಬೇಡ.


೧ ಏಪ್ರಿಲ್

ತಮ್ಮಾ,

ಆ ಉಸಿರು ನನ್ನದೇ. ಮಾತಾಡಲಿಲ್ಲ, ಏಕೆಂದರೆ ನನಗೆ ಮಾತಿಲ್ಲ.

ಹೋದ ನವೆಂಬರಿನಲ್ಲಿ ಗಂಟಲಿನ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ತೆಗೆಯದಿದ್ದರೆ ನಾನೇ ಇರುತ್ತಿರಲಿಲ್ಲ. ಈಗ ಕತ್ತಿನಲ್ಲಿ ಒಂದು ತೂತಿದೆ, ಅದರಲ್ಲೇ ಉಸಿರು. ಕೊರಳಿಗೆ ಒಂದು ನೋಟ್‌ಪುಸ್ತಕ ಕಟ್ಟಿಕೊಂಡಿದ್ದೇನೆ. ತರಕಾರಿಯವನ ಹತ್ತಿರ ಚೌಕಾಸಿಯನ್ನೂ ಬರೆದೇ ಮಾಡುತ್ತೇನೆ. ಅವನು ಓದಿ ಮುಗಿಸುವ ಹೊತ್ತಿಗೆ ಸೋತಿರುತ್ತಾನೆ. ರೈಲು ಹಳಿಯ ಕಥೆ ಸುಳ್ಳು. ಮಗಳ ಮನೆಯ ಹತ್ತಿರ ರೈಲೇ ಇಲ್ಲ.

ನಿನಗೆ ಹೇಳಲಿಲ್ಲ. ನನ್ನನ್ನು ಮೈಕಕ್ಕ ಎಂದು ಕರೆಯುವವನು ಈ ಭೂಮಿಯ ಮೇಲೆ ನೀನೊಬ್ಬನೇ. ಧ್ವನಿಯೇ ಇಲ್ಲ ಎಂದು ತಿಳಿದರೆ ಇನ್ನೇನೆಂದು ಕರೆಯುತ್ತೀಯ ಎಂದು ಹೆದರಿದೆ. ಅದಕ್ಕೇ ಬಸ್ಸಿನ ಧ್ವನಿ ಕೇಳಿದ್ದು, ಜಂಬಕ್ಕಲ್ಲ. ಎಲ್ಲಾದರೂ ಒಂದು ಕಡೆ ಅದು ಇದೆಯಲ್ಲ ಎಂಬ ಸಮಾಧಾನಕ್ಕೆ.

ಇನ್ನು ಗಂಟೆಯ ವಿಷಯ. ಡ್ರೈವರು ಬಸ್ಸು ಬಿಡಬಾರದು ಎಂದು ನಿನಗೆ ನಿಯಮ ಇದ್ದ ಹಾಗೆ ಗೈಡಿಗೂ ಒಂದು ನಿಯಮ ಇತ್ತು, ನೆನಪಿದೆಯಾ? ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವರ ಜೊತೆಗೇ ನಡೆಯಬೇಕು. ಪ್ರತಿ ಶನಿವಾರ ಒಬ್ಬರಲ್ಲ ಒಬ್ಬರು ಅರ್ಧ ದಾರಿಯ ಕಲ್ಲುಮಂಟಪದಲ್ಲಿ ಕುಸಿದು ಕೂರುತ್ತಿದ್ದರು. ಇನ್ನಾಗಲ್ಲಮ್ಮಾ ಎನ್ನುತ್ತಿದ್ದರು. ನಾನೂ ಕೂರಬೇಕು. ಮುನ್ನೂರ ಆರನೇ ಮೆಟ್ಟಿಲು ದಾಟಿ ಒಂದು ದಿನವೂ ಕಾಲಿಟ್ಟಿಲ್ಲ. ತುದಿಯಲ್ಲಿ ಏನಿದೆ, ಏನು ಕಾಣುತ್ತದೆ ಎಂದು ಮೈಕಿನಲ್ಲಿ ಹೇಳಿದ್ದೆಲ್ಲ ಇಳಿದು ಬಂದವರ ಬಾಯಿಂದ ಕೇಳಿದ್ದು.

ಮೊದಲ ವರ್ಷ ನೀನು ಬಿಸಿಲಿನಲ್ಲಿ ಒಬ್ಬನೇ ಕುಳಿತಿದ್ದೆ. ಹತ್ತಲು ಹೊರಟ ಒಬ್ಬರ ಹತ್ತಿರ, ನಮ್ಮ ಡ್ರೈವರಿಗೆ ಮೂರು ಏಟು ಬಾರಿಸಿ ಎಂದೆ. ನಾನೇ ಬಾರಿಸಿದೆ ಎಂದು ನೀನು ತಿಳಿದುಕೊಂಡೆ. ನಿನ್ನ ಮುಖ ನೋಡಿ ಅಲ್ಲ ಎನ್ನಲು ಮನಸ್ಸು ಬರಲಿಲ್ಲ. ಆಮೇಲೆ ಹೇಳುವ ದಿನವೇ ಬರಲಿಲ್ಲ. ಆದರೆ ನಿನ್ನ ಹಾರ್ನ್ ಮಂಟಪಕ್ಕೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಸುಸ್ತಾಗಿ ಕುಳಿತವರಿಗೆ, ಅದು ನನಗೆ ಎಂದು ಹೇಳುತ್ತಿದ್ದೆ.

ಒಂದು ಮಾತು ಬರೆಯಿರಿ ಎಂದೆಯಲ್ಲ. ನಿಜ. ಕ್ಷಮಿಸು.

ನಿನ್ನ ಅಕ್ಕ


೮ ಏಪ್ರಿಲ್

ಮೈಕಕ್ಕನಿಗೆ,

ನೀವು ಏನಾದರೂ ಅಂದುಕೊಳ್ಳಿ, ನಿಮ್ಮ ಹೆಸರು ಅದೇ. ಸ್ಟೇರಿಂಗು ಕಸಿದುಕೊಂಡ ಮೇಲೂ ನಾನು ಸ್ಟೇರಿಂಗೇ ಅಲ್ಲವೇ?

ನಾನು ಬರೆದ ಆ ಎರಡು ಕಾಗದಗಳನ್ನು ಒಲೆಗೆ ಹಾಕಿ. ಕಲ್ಲುಮನಸ್ಸು ಎಂದು ಬರೆದ ಕೈಯನ್ನು ಏನು ಮಾಡಬೇಕೋ ತಿಳಿಯದು. ಕಾಗದ ಓದಿ ಮನೆಯವಳು ಅತ್ತಳು. ಹಿಂದೆ ಕದ್ದು ಸೇರಿಸಿದ್ದನ್ನು ಈಗ ಒಪ್ಪಿಕೊಂಡಿದ್ದಾಳೆ; ನಾನು ಅಳಲಿಲ್ಲ ಎಂದು ಬರೆದರೆ ಅವಳು ಮತ್ತೆ ಕೆಳಗೆ ಏನಾದರೂ ಸೇರಿಸುತ್ತಾಳೆ, ಅದಕ್ಕೆ ಬರೆಯುವುದಿಲ್ಲ.

ಈಗ ನಾನು ಹೇಳುವುದನ್ನು ಕೇಳಿ. ಬೆಟ್ಟ ಹತ್ತುವವರು ನೀವು. ನನಗೆ ಡಾಕ್ಟರ ಅಡ್ಡಿ ಇದೆ, ನಿಮಗಿದೆಯೋ ಕೇಳಿ ಬರೆಯಿರಿ. ಇಲ್ಲ ಎಂದರೆ ಮೇ ಹತ್ತು, ಶನಿವಾರ. ಹನ್ನೊಂದು, ಹನ್ನೆರಡು, ಹದಿಮೂರನೇ ಸೀಟು ಹೇಳಿಟ್ಟಿದ್ದೇನೆ. ಇಷ್ಟು ವರ್ಷ ಹಿಂದೆ ಬಿದ್ದವರ ಜೊತೆ ನೀವು ಕುಳಿತಿರಿ. ಈ ಸಲ ಹಿಂದೆ ಬೀಳುವವರು ನೀವೇ ಆಗಿ. ಮನೆಯವಳು ನಿಮ್ಮ ಜೊತೆ ಇರುತ್ತಾಳೆ. ಅವಳು ಯಾರನ್ನೂ ಅರ್ಧ ದಾರಿಯಲ್ಲಿ ಕೂರಲು ಬಿಡುವವಳಲ್ಲ, ನನ್ನ ರೆಟ್ಟೆಯೇ ಸಾಕ್ಷಿ. ಇಡೀ ದಿನ ಹಿಡಿದರೂ ಸರಿ. ಬಸ್ಸು ಕಾಯುತ್ತದೆ ಎಂದು ಹೊಸ ಡ್ರೈವರ ಹತ್ತಿರ ಮಾತು ತೆಗೆದುಕೊಂಡಿದ್ದೇನೆ.

ನಾನು ಕೆಳಗೇ ಇರುತ್ತೇನೆ. ಅದು ನನ್ನ ಜಾಗ. ನಿಮ್ಮ ಕೈಯಿಂದ ಬಿದ್ದ ಮೂರು ಏಟು ನಾನು ಇನ್ನೂ ಕೇಳಿಲ್ಲ.

ಸ್ಟೇರಿಂಗು


೧೯ ಏಪ್ರಿಲ್

ತಮ್ಮಾ,

ಡಾಕ್ಟರು ಮೊದಲು ನಕ್ಕರು. ಆಮೇಲೆ ನಾನು ನಗುತ್ತಿಲ್ಲ ಎಂದು ನೋಡಿ, ನಿಧಾನವಾಗಿ ಹತ್ತಬಹುದು, ಕತ್ತಿಗೆ ತೆಳು ಬಟ್ಟೆ ಇರಲಿ, ದೂಳು ಹೋಗಬಾರದು ಎಂದರು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಅವಳೇ ರೈಲಿನ ಟಿಕೆಟ್ ಮಾಡಿಸಿದಳು.

ಇವರ ಕಟ್ಟಡದ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದೇನೆ. ಇಂದು ನೂರ ನಲವತ್ತು ಹತ್ತಿದೆ. ದಿನಕ್ಕೆ ಇಪ್ಪತ್ತೈದು ಸೇರಿಸಿದರೆ ಮೇ ಎಂಟಕ್ಕೆ ಲೆಕ್ಕ ಸರಿಹೋಗುತ್ತದೆ. ಎರಡನೇ ಮಹಡಿಯವರು ನನಗೆ ಹುಚ್ಚು ಹಿಡಿದಿದೆ ಎಂದು ಮಗಳಿಗೆ ಹೇಳಿದರಂತೆ. ಹೇಳಲಿ.

ಒಂದೇ ಷರತ್ತು. ಬಸ್ಸಿನಲ್ಲಿ ನನ್ನ ಧ್ವನಿ ಹಾಕಿದಾಗ ನೀನು ನನ್ನ ಮುಖ ನೋಡಕೂಡದು. ಕಿಟಕಿ ನೋಡು.

ಮೈಕಕ್ಕ


೧೦ ಮೇ, ಬೆಟ್ಟದ ಕೆಳಗೆ, ಬಸ್ಸಿನಲ್ಲಿ

ಅಕ್ಕಾ,

ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಹೊಸ ಡ್ರೈವರ ಹಳೇ ಟ್ರಿಪ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ. ಇಳಿದು ಬಂದ ಮೇಲೆ ಕೊಡುತ್ತೇನೆ.

ನಾನು ಮಾತಿಗೆ ತಪ್ಪಲಿಲ್ಲ, ಕಿಟಕಿಯನ್ನೇ ನೋಡಿದೆ. ಆದರೆ ಗಾಜಿನಲ್ಲಿ ನಿಮ್ಮ ಮುಖ ಕಾಣುತ್ತಿತ್ತು, ನಾನೇನು ಮಾಡಲಿ? ಮೇಲಿನಿಂದ ಧ್ವನಿ ಬರುತ್ತಿತ್ತು, ಕೆಳಗೆ ನಿಮ್ಮ ತುಟಿ ಅದರ ಜೊತೆಗೇ ಆಡುತ್ತಿತ್ತು. ಒಂದಕ್ಷರ ಹಿಂದೆ ಮುಂದೆ ಆಗಲಿಲ್ಲ.

ನೀವು ಹೊರಟಾಗ ಒಂಬತ್ತೂವರೆ. ಹತ್ತೂಕಾಲಿಗೆ ಮಂಟಪದ ಹತ್ತಿರ ಮನೆಯವಳ ಹಳದಿ ಬಟ್ಟೆ ಕಂಡಿತು. ಅಲ್ಲಿ ಬಹಳ ಹೊತ್ತು ನಿಂತಿತ್ತು. ಮುಗಿಯಿತು, ಇನ್ನು ಇಳಿಯುತ್ತಾರೆ ಎಂದುಕೊಂಡೆ. ಹಳದಿ ಮತ್ತೆ ಮೇಲಕ್ಕೆ ಹೊರಟಿತು. ಆಮೇಲೆ ಬಂಡೆ ಅಡ್ಡ ಬಂತು.

ಹನ್ನೊಂದು ಗಂಟೆ. ನಮ್ಮ ಬಸ್ಸಿನವರು ಅರ್ಧ ಜನ ಇಳಿದು ಬಂದಿದ್ದಾರೆ. ನಿಮ್ಮನ್ನು ಎಲ್ಲಿ ಕಂಡಿರಿ ಎಂದು ಕೇಳಿದರೆ, ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದಾರೆ ಎಂದರು. ಮೇಲೆ ಯಾರೋ ಎರಡು ಏಟು ಬಾರಿಸಿದರು. ಮತ್ಯಾರೋ ಮಕ್ಕಳು ಎಡೆಬಿಡದೆ ಬಾರಿಸಿದರು. ಪ್ರತಿ ಸಲವೂ ಸೀಟಿನಿಂದ ಏಳುತ್ತೇನೆ.

ಎದುರಿಗೆ ಹೊಸದಾಗಿ ಬೋರ್ಡು ಹಾಕಿದ್ದಾರೆ, ಇಲ್ಲಿ ಹಾರ್ನ್ ಮಾಡಕೂಡದು ಎಂದು. ಚಹಾದ ವಿಷಯ ಬಿಟ್ಟರೆ ಹೊಸ ಡ್ರೈವರು ನಿಯಮದ ಮನುಷ್ಯ. ಇಂದು ಅದಕ್ಕೂ ಇದುವರೆಗೆ ಸ್ಟೇರಿಂಗು ಬಿಟ್ಟು ಎದ್ದಿಲ್ಲ.

ಹನ್ನೊಂದೂ ನಲವತ್ತು. ಹತ್ತು ನಿಮಿಷದಿಂದ ಗಂಟೆಯ ಸದ್ದೇ ಇಲ್ಲ.

ಒಂದು.

ಎರಡು.

ಮೂರನೆಯದು ಬರಲಿಲ್ಲ. ನಾನು ನಿಂತುಕೊಂಡು ಬರೆಯುತ್ತಿದ್ದೇನೆ. ಯಾರೋ ಬೇರೆಯವರಿರಬೇಕು.

ಮೂರು!

ಹೊಸ ಡ್ರೈವರು ಎದ್ದು ನಿಂತ. "ಅಣ್ಣಾ, ಹೇಗೂ ನೀವಿದ್ದೀರಲ್ಲ, ನಾನೊಂದು ಚಹಾ ಕುಡಿದು ಬರ್ತೀನಿ" ಎಂದು ಹೇಳಿ, ಹಿಂದೆ ತಿರುಗಿ ನೋಡದೆ ಇಳಿದು ಹೋದ.


೧೦ ಮೇ, ಗಂಟೆಯ ಕಟ್ಟೆಯ ಮೇಲೆ

ತಮ್ಮಾ,

ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಎಲ್ಲರಿಗಿಂತ ಕೊನೆಗೆ ಬಂದೆ. ಮಂಟಪದಲ್ಲಿ ಕಾಲು ತಾನಾಗಿಯೇ ಕೂರಲು ಹೋಯಿತು. ನಿನ್ನ ಹೆಂಡತಿ ಕೂರಿಸಲಿಲ್ಲ. ಮುನ್ನೂರ ಏಳನೇ ಮೆಟ್ಟಿಲನ್ನು ಇಬ್ಬರೂ ಕೈ ಹಿಡಿದುಕೊಂಡು ಹತ್ತಿದೆವು. ಅಲ್ಲಿಂದ ಮುಂದೆ ಒಂದೊಂದೂ ನನಗೆ ಹೊಸದು. ಹಗ್ಗ ಇಷ್ಟು ಭಾರ ಎಂದು ಯಾರೂ ಹೇಳಿರಲಿಲ್ಲ. ಎರಡು ಏಟಿಗೇ ಉಸಿರು ಸಿಕ್ಕಿಕೊಂಡಿತು. ಕಾವಲಿನ ಮುದುಕರು ಸಹಾಯಕ್ಕೆ ಕೈ ಚಾಚಿದರು. ಬೇಡ ಎಂದು ತಳ್ಳಿದೆ. ಮೂರನೆಯದೂ ನನ್ನದೇ.

ಬೆಟ್ಟದ ತುದಿಯಿಂದ ಇಡೀ ರಾಜಧಾನಿ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ ಎಂದು ಇಪ್ಪತ್ತಾರು ವರ್ಷ ಮೈಕಿನಲ್ಲಿ ಹೇಳಿದೆನಲ್ಲ, ಶುದ್ಧ ಸುಳ್ಳು. ಮಬ್ಬು ಬಿಟ್ಟರೆ ಏನೂ ಇಲ್ಲ. ನೇರ ಕೆಳಗೆ ಬಗ್ಗಿ ನೋಡಿದರೆ ಕಾಣುವುದು ಒಂದೇ, ನಮ್ಮ ಬಸ್ಸಿನ ನೆತ್ತಿ.

ಅಷ್ಟರಲ್ಲಿ ಹಾರ್ನ್ ಬಂತು. ಎಷ್ಟು ಉದ್ದ ಹೊಡೆದೆಯೋ! ಪಕ್ಕದಲ್ಲಿ ನಿಂತಿದ್ದವರೊಬ್ಬರು ಕಿವಿ ಮುಚ್ಚಿಕೊಂಡು, ಕೆಳಗೆ ಬೋರ್ಡು ಹಾಕಿದ್ದಾರೆ, ಯಾರದು ಈ ಗಲಾಟೆ ಎಂದು ಗೊಣಗಿದರು. ನಾನು ಕೊರಳಿನ ಪುಸ್ತಕ ಬಿಚ್ಚಿ, ಹಾಳೆಯ ತುಂಬ ದಪ್ಪಕ್ಷರದಲ್ಲಿ ಬರೆದು ಅವರ ಮುಖದ ಮುಂದೆ ಹಿಡಿದೆ: ನಮ್ಮ ಡ್ರೈವರು.